ಬೆಕ್ಕಿನ ಮೋರೆಯ ದೇವಿ ನನ್ನ ಮೈಮೇಲೆ ಬಂದದ್ದು

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಉಣಕಲ್ಲಿನ ನಮ್ಮ ಮನೆಯ ಕಪಾಟಿನಲ್ಲಿ ಗೇಣುದ್ದದ ಕಂಚಿನ ಮೂರ್ತಿ ಇತ್ತು. ಮೈ ಹೆಂಗಸಿನದು, ಮೋರೆ ಬೆಕ್ಕಿನದು. ತೋಳಿಗೆ ಬುಟ್ಟಿ ಹಾಕಿಕೊಂಡು ಸಂತೆಗೆ ಹೊರಟವಳ ಹಾಗೆ ನಿಂತಿದ್ದಳು. ಕಾಲ ಬಳಿ ಮರಿಗಳು. ಮಿಲಿಟರಿಯಲ್ಲಿದ್ದ ನಮ್ಮಣ್ಣ ಈಜಿಪ್ಟಿನ ಕಡೆ ಹೋದಾಗ ತಂದದ್ದು. ಸಾವಿರಾರು ವರ್ಷ ಹಳೆಯ ದೇವಿ ಎನ್ನುತ್ತಿದ್ದ. ಇರಬಹುದು. ನಮ್ಮ ಅಡುಗೆಮನೆಯ ಒಂದು ಇಲಿಯನ್ನೂ ಹಿಡಿದವಳಲ್ಲ.

ಪಕ್ಕದ ಮನೆಯವಳ ಕಣ್ಣಿಗೆ ಆ ಮರಿಗಳು ಬಿದ್ದವು. ಅವಳ ಸೊಸೆಗೆ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಇವಳು ಮಕ್ಕಳನ್ನು ಕೊಡುವ ದೇವಿ ಎಂದು ತಾನೇ ತೀರ್ಮಾನಿಸಿ, ಶುಕ್ರವಾರಕ್ಕೊಮ್ಮೆ ಸೊಸೆಯನ್ನು ಉಪವಾಸ ಕೆಡವಿ ಕರೆತಂದು ದೇವಿಗೆ ಉಡಿ ತುಂಬಿಸತೊಡಗಿದಳು. ಸೆರಗೇ ಇಲ್ಲದವಳಿಗೆ ಉಡಿ ಎಲ್ಲಿಂದ ಬರಬೇಕು? ಆ ಪುಟ್ಟ ಬುಟ್ಟಿಯಲ್ಲೇ ಅಕ್ಕಿಕಾಳು ತುರುಕುತ್ತಿದ್ದರು. ಆಮೇಲೆ ಕಡ್ಡಿ ಹಾಕಿ ಕೆದರಿ ತೆಗೆಯುವ ಕೆಲಸ ನನ್ನದು.

ಒಂದು ಶುಕ್ರವಾರ ಅತ್ತೆ ಮೂರ್ತಿಯ ಮುಂದೆಯೇ ಅಂದಳು: "ಇದ ಕಡೀ ವಾರ ನೋಡವ್ವಾ ತಾಯಿ. ಇನ್ನ ಇಕೀನ್ನ ಉಪ್ಪಿನಬೆಟಗೇರಿಗೆ ತವರಮನಿಗೆ ಕಳಿಸಿ, ಮಗಗ ಬ್ಯಾರೆ ಹೆಣ್ಣ ತರತೇನಿ."

ಸೊಸೆ ಬುಟ್ಟಿಗೆ ಇನ್ನೂ ನಾಲ್ಕು ಅಕ್ಕಿಕಾಳು ತುರುಕಿದಳು.

"ನಿನ್ನ ಮಗನ್ನ ಡಾಕ್ಟರಿಗೆ ತೋರಿಸೀಯೇನ?" ಎಂದೆ.

"ನನ್ನ ಮಗಗೇನ ಧಾಡಿ? ಎತ್ತಿನಂಗ ಅದಾನ!"

"ಎತ್ತಿಗೆ ಎಂದಾರ ಕರ ಹುಟ್ಟತಾವೇನ?"

ಅವಳಿಗೆ ಸಿಟ್ಟು ನೆತ್ತಿಗೇರಿತು. "ದೇವಿ ಹೇಳಲಿ, ಕೇಳತೇನಿ. ನೀವ್ಯಾರ್ರೀ ಅಕ್ಕಾರ ಹೇಳಾಕ?"

ಸರಿ, ದೇವಿಯೇ ಹೇಳಲಿ ಎಂದುಕೊಂಡೆ. ತುರುಬು ಬಿಚ್ಚಿ ಕೂದಲು ಕೆದರಿದೆ, ಕಣ್ಣು ತಿರುಗಿಸಿದೆ, ಹೂಂಕರಿಸಿದೆ. ಮೈಮೇಲೆ ದೇವರು ಬರುವವರನ್ನು ಚಿಕ್ಕಂದಿನಿಂದ ನೋಡಿದವಳಿಗೆ ಅದೇನು ದೊಡ್ಡದಲ್ಲ. ಇವಳು ಬೆಕ್ಕಿನವಳಲ್ಲವೇ ಎಂದು ನಡುನಡುವೆ ಮಿಯಾಂವ್ ಎಂದೂ ಅಂದೆ. ಪಕ್ಕದವಳು ಧೊಪ್ಪನೆ ಅಡ್ಡಬಿದ್ದಳು.

"ಏನ ತಪ್ಪಾತವ್ವಾ?"

"ಮಗನ್ನ ಸತ್ತೂರಿನ ದೊಡ್ಡ ದವಾಖಾನಿಗೆ ಕಳಸ! ಅಲ್ಲೀತನಕ ಸೊಸಿನ್ನ ಹೊಸ್ತಿಲಾ ದಾಟಿಸಿದ್ರ ನಿನ್ನ ಮಾರಿ ಪರಚತೇನಿ!"

"ಕಳಸ್ತೇನವ್ವಾ, ಖರೇನ ಕಳಸ್ತೇನಿ. ಆದ್ರ ಅಂವಾ ಒಬ್ಬನ ಹೋಗಂಗಿಲ್ಲ, ಯಾರ ಜೋಡಿ ಕಳಸ್ಲಿ?"

"ಈ ಮುದುಕಿ ಜೋಡಿ!"

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ಅಲುಗಿಸುತ್ತಿದ್ದಳು. ಅಳುತ್ತಿದ್ದಾಳೆಂದು ಅತ್ತೆ ತಿಳಿದಳು.

ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಅವರ ಬಾಗಿಲು ಬಡಿದು, ಮುಖ ಗಂಟಿಕ್ಕಿಕೊಂಡಿದ್ದ ಆ ಮಗನನ್ನು ಆಟೋದೊಳಗೆ ತಳ್ಳಿ, ಇಳಿದು ಓಡದ ಹಾಗೆ ಹೊರಬದಿಗೆ ನಾನೇ ಕೂತು ಸತ್ತೂರಿಗೆ ಹೋದೆ.