ಬತ್ತೀನಿ ಅಂದವರನ್ನು ಕಾಯುವುದು

ನಮ್ಮ ಮಹಡಿ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಪೋಲೆಂಡಿನ ಹುಡುಗಿ ಎರಡು ಸರ್ಕಾರಗಳ ಕಾನೂನಿಗೆ ಒಳಪಟ್ಟಿದ್ದಳು. ಒಂದು ಅವಳ ದೇಶದ್ದು, ಇನ್ನೊಂದು ನಮ್ಮ ಅತ್ತೆಯದು.

ಪರದೇಶಕ್ಕೆ ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಹೇಗಿರಬೇಕೆಂದು ಅವಳ ದೇಶದವರು ಹೇಳಿಕೊಟ್ಟಿದ್ದನ್ನು ಅವಳು ಬಾಯಿಪಾಠದಂತೆ ಒಪ್ಪಿಸುತ್ತಿದ್ದಳು. ಸೀಲ್ ಒಡೆಯದ ಬಾಟಲಿಯ ನೀರನ್ನೇ ಕುಡಿಯಬೇಕು. ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬಾರದು, ಅವರ ಗಾಡಿ ಹತ್ತಬಾರದು, ಅವರಿಗೆ ಫೋನ್ ನಂಬರನ್ನಾಗಲಿ ಮನೆಯ ವಿಳಾಸವನ್ನಾಗಲಿ ಕೊಡಬಾರದು. ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಬಾರದು. ಅತ್ತೆಯ ಕಾನೂನು ಅವರ ತವರಾದ ಬಾಗೂರಿನಿಂದ ಬಂದದ್ದು. ಅದರ ಪ್ರಕಾರ ತಲೆಗೆ ಎಣ್ಣೆ ಇಟ್ಟ ದಿನ ಒಬ್ಬಳೇ ಹೊರಗೆ ಹೋಗಬಾರದು, ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ನಿಲ್ಲಬಾರದು, ಬಿಸಿಲಿಗೆ ಹೊರಟರೆ ಬ್ಯಾಗಿನಲ್ಲಿ ಒಂದು ಈರುಳ್ಳಿ ಇರಲೇಬೇಕು, ಮತ್ತು ಹೊರಟವರನ್ನು ಯಾರೂ ಎಲ್ಲಿಗೆ ಎಂದು ಕೇಳಬಾರದು. ಈ ಕೊನೆಯದರಲ್ಲಿ ಮಾತ್ರ ಎರಡು ಸರ್ಕಾರಗಳಿಗೂ ಒಪ್ಪಂದವಿತ್ತು. ನಮ್ಮ ಬೀದಿಯವರು 'ದೂರ ಹೊರಟಂಗದೆ?' ಎನ್ನುವರು, ಅವಳು 'ಹೌದು, ಸ್ವಲ್ಪ ದೂರ' ಎನ್ನುವಳು. ಕೇಳಿದವರಿಗೂ ಸಮಾಧಾನ, ಹೇಳಿದವಳಿಗೂ ಸಮಾಧಾನ. ಅವಳ ಬ್ಯಾಗಿನಲ್ಲಿ ಬಾಟಲಿ ನೀರೂ ಈರುಳ್ಳಿಯೂ ಅಕ್ಕಪಕ್ಕ ಇರುತ್ತಿದ್ದವು.

ಅವಳು ಬಂದದ್ದು ಮೊಸಳೆ ಎಂಬ ಊರಿನ ಜೋಡಿ ದೇವಸ್ಥಾನಗಳ ಒಳಚಾವಣಿಯ ಕೆತ್ತನೆಯನ್ನು ಕಾಗದದ ಮೇಲೆ ಬರೆದುಕೊಳ್ಳಲು. ದಿನವೂ ಹಾಸನದಿಂದ ಬಸ್ಸಿನಲ್ಲಿ ಹೋಗಿ, ಮೇಲೆ ನೋಡಿ ನೋಡಿ ಕತ್ತು ನೋಯಿಸಿಕೊಂಡು ಬರುವಳು. ನಾನು ಹೊಳೆನರಸೀಪುರದಲ್ಲಿ ಕೆಲಸ ಮುಗಿಸಿ, ರೈಲಿಳಿದು ಮನೆಗೆ ಬರುವ ಹೊತ್ತಿಗೆ ಅತ್ತೆ ಅವಳ ಕತ್ತಿಗೆ ಹರಳೆಣ್ಣೆ ತಿಕ್ಕುತ್ತಿರುತ್ತಿದ್ದರು. ನನ್ನ ಸೊಂಟ ಎಷ್ಟೋ ವರ್ಷದಿಂದ ನೋಯುತ್ತಿದೆ, ಒಂದು ದಿನ ಒಂದು ತೊಟ್ಟು ಎಣ್ಣೆ ಮುಟ್ಟಿಸಿದವರಲ್ಲ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕನ್ನಡವನ್ನು ಅವಳು ತನ್ನ ಊರಿನಲ್ಲೇ ಪುಸ್ತಕ ಇಟ್ಟುಕೊಂಡು ಕಲಿತಿದ್ದಳು. 'ನಾನು ಸ್ನಾನ ಮಾಡಿದ್ದೇನೆ', 'ದಯವಿಟ್ಟು ಚಟ್ನಿ ಬೇಡ' ಎಂದು ಶಾಲಾ ವಾರ್ಷಿಕೋತ್ಸವದ ನಾಟಕದವರಂತೆ ಮಾತಾಡುವಳು. ಬಂದ ಮರುದಿನ ಬ್ಯಾಗು ಹಾಕಿಕೊಂಡು, 'ಅಜ್ಜಿ, ನಾನು ಹೋಗುತ್ತೇನೆ' ಎಂದಳು. ಅತ್ತೆ ಕೈಲಿದ್ದ ಮೊರ ಕೆಳಗಿಟ್ಟು, 'ಬುಡ್ತು ಅನ್ನು' ಎಂದರು. ಅವಳಿಗೆ ಏನೂ ತಿಳಿಯದಿದ್ದರೂ ಒಳ್ಳೆಯ ಹುಡುಗಿ, 'ಬುಡ್ತು' ಎಂದಳು. ಅಂದಿನಿಂದ ಹೊರಡುವಾಗ ಹಾಗೇ ಹೇಳಬೇಕೆಂದು ತಿಳಿದುಕೊಂಡು ಪ್ರತಿದಿನ ಬಾಗಿಲಲ್ಲಿ ನಿಂತು, 'ಹೋಗುತ್ತೇನೆ, ಬುಡ್ತು' ಎನ್ನತೊಡಗಿದಳು. ಅತ್ತೆಗೆ ದೋಷ ಪರಿಹಾರವಾಯಿತಲ್ಲ, ಇನ್ನೇನು ಬೇಕು. ನನಗೆ ಅದು ಎಷ್ಟು ಮುದ್ದಾಗಿ ಕೇಳುತ್ತಿತ್ತೆಂದರೆ ತಿದ್ದಲು ಮನಸ್ಸೇ ಬರಲಿಲ್ಲ.

ಪ್ರತಿ ಭಾನುವಾರ ಸಂಜೆ ಅವಳ ಅಮ್ಮ ನನ್ನ ಫೋನಿಗೇ ವಿಡಿಯೊ ಕರೆ ಮಾಡುತ್ತಿದ್ದರು. ನನ್ನದೇ ವಯಸ್ಸು, ನನ್ನ ಹಾಗೆಯೇ ಕಣ್ಣಿನ ಕೆಳಗೆ ಕಪ್ಪು. ಅವರು ಅವರ ಭಾಷೆಯಲ್ಲಿ ಹೇಳಿದ್ದನ್ನು ಹುಡುಗಿ ಕನ್ನಡ ಮಾಡಿ ಹೇಳುವಳು. ಮೊದಲ ವಾರವೇ ಆಕೆ, ಮಗಳು ಅಷ್ಟು ದೂರ ಹೋದಳೆಂದು ನನಗೆ ನಿದ್ದೆ ಇಲ್ಲ ಎಂದರು. ಹೆಣ್ಣುಮಕ್ಕಳನ್ನು ಸಾಕಿ ನನಗೆ ಅಭ್ಯಾಸವಿಲ್ಲ. ಆದರೂ ಎದೆ ಮುಟ್ಟಿಕೊಂಡು, 'ನನ್ನ ಮಗಳ ಹಾಗೆ ನೋಡಿಕೊಳ್ತೀನಿ, ನೀವು ಮಲಗಿ' ಎಂದುಬಿಟ್ಟೆ. ಮುಂದಿನ ವಾರ ಆಕೆ, ನಿದ್ದೆ ಬಂತು ಎಂದು ಹೇಳಿದರು. ಆಮೇಲೆ ನನ್ನ ನಿದ್ದೆ ಹೋಯಿತು.

ಒಂದು ಭಾನುವಾರ ಅವಳಿಗೆ ಶೆಟ್ಟಿಹಳ್ಳಿಯ ಪಾಳು ಚರ್ಚು ನೋಡುವ ಆಸೆಯಾಯಿತು. ಹೇಮಾವತಿಯ ಹಿನ್ನೀರು ಇಳಿದಿತ್ತು, ಗೋಡೆಗಳವರೆಗೂ ನಡೆದುಕೊಂಡೇ ಹೋಗಬಹುದಾದ ಕಾಲ. ಯಜಮಾನರು ಕಾರು ತೆಗೆದುಕೊಂಡು ಅರಕಲಗೂಡಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಅದಕ್ಕೇ ನಮ್ಮ ಬೀದಿಯ ಕೊನೆಯ ಸ್ಟ್ಯಾಂಡಿನ ಆಟೋದವನಿಗೆ ಹೇಳಿದೆ. ಗುರುತಿನವನು, ಬಾಗೂರಿನ ಕಡೆಯವನು, ಹಾಗಾಗಿ ಎರಡು ಸರ್ಕಾರಗಳ ಒಪ್ಪಿಗೆಯೂ ಸಿಕ್ಕಿತು. ಅವನಿಗೆ ಚನ್ನರಾಯಪಟ್ಟಣದಲ್ಲಿ ಬೀಗರೂಟವಿತ್ತು. ಬೆಳಿಗ್ಗೆ ಅವಳನ್ನು ಬಿಟ್ಟು ಅವನು ಊಟಕ್ಕೆ ಹೋಗುವುದು, ಅವಳು ಮಧ್ಯಾಹ್ನದ ಬಸ್ಸಿಗೆ ವಾಪಸು ಬರುವುದು ಎಂದು ಮಾತಾಯಿತು. 'ಹೋಗುತ್ತೇನೆ, ಬುಡ್ತು' ಎಂದು ಹೊರಟಳು.

ಮಧ್ಯಾಹ್ನದ ಬಸ್ಸಿಗೆ ಬರಲಿಲ್ಲ. ಚಿತ್ರ ಬರೆಯುತ್ತಾ ಕೂತಿರಬೇಕು ಎಂದುಕೊಂಡೆ. ಫೋನು ಮಾಡಿದರೆ ಸ್ವಿಚ್ ಆಫ್. ದೀಪ ಹಚ್ಚುವ ಹೊತ್ತಾಯಿತು. ಅತ್ತೆ ಗೇಟಿಗೂ ಬಾಗಿಲಿಗೂ ತಿರುಗತೊಡಗಿದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನೋಡಿದರೆ ಅವಳ ಅಮ್ಮ. ಎತ್ತಿ ಏನು ಹೇಳಲಿ? ಎಲ್ಲಿದ್ದಾಳೋ ಗೊತ್ತಿಲ್ಲ, ನೀವು ಮಲಗಿ ಎನ್ನಲೇ? ಫೋನು ಬಡಿದುಕೊಳ್ಳುತ್ತಲೇ ಇತ್ತು, ನಾನು ಚಪ್ಪಲಿ ಮೆಟ್ಟಿ ಸ್ಟ್ಯಾಂಡಿಗೆ ಓಡಿದೆ.

ಆಟೋದವನು ಬೀಗರೂಟ ಮುಗಿಸಿ ಬಂದು ಹಿಂದಿನ ಸೀಟಿನಲ್ಲಿ ಮಲಗಿದ್ದ. 'ನಮ್ಮ ಹುಡುಗಿ ಎಲ್ಲಪ್ಪ?' ಎಂದೆ.

'ಬೆಳಿಗ್ಗೇನೇ ಬುಟ್ಬುಟ್ ಬಂದ್ನಲ್ಲಕ್ಕ. ಬಸ್ಸಲ್ ಬರ್ನಿಲ್ವಾ?' ಎಂದವನ ಮುಖದಿಂದ ನಿದ್ದೆ ಹಾರಿಹೋಯಿತು.

ಅದೇ ಆಟೋ ಹತ್ತಿ ಹೊರಟೆ. ದಾರಿಯುದ್ದಕ್ಕೂ ಅವಳನ್ನು ಬೈಯಲು ಮಾತು ಜೋಡಿಸಿಕೊಂಡೆ. ನನ್ನ ಸಿಟ್ಟು ನಮ್ಮ ಮನೆಯಲ್ಲಿ ಹೆಸರುವಾಸಿ. ಆದರೆ ಸಿಟ್ಟಿನ ಅಡಿಯಲ್ಲಿ ಏನಿತ್ತೆಂದು ನನಗೆ ಮಾತ್ರ ಗೊತ್ತು. ಪೇಪರಿನಲ್ಲಿ ಓದಿದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತು.

ಶೆಟ್ಟಿಹಳ್ಳಿಯಲ್ಲಿ ಚರ್ಚಿನ ಕಡೆ ತಿರುಗುವ ರಸ್ತೆಯಲ್ಲಿ ಆಟೋದ ಬೆಳಕಿಗೆ ಜನ ಗುಂಪುಗೂಡಿರುವುದು ಕಂಡಿತು. ಆಟೋ ನಿಲ್ಲುವ ಮೊದಲೇ ಇಳಿದು ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ನಮ್ಮ ಹುಡುಗಿ ಎರಡು ಕೈಯಲ್ಲೂ ಬ್ಯಾಗನ್ನು ಅವಚಿಕೊಂಡು ಕೂತಿದ್ದಳು. ಸುತ್ತ ನೆಲದ ಮೇಲೆ ಊರಿನ ಹೆಂಗಸರು ಕೂತಿದ್ದರು. ಗಂಡಸರು ದೂರದಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಒಬ್ಬಾಕೆ ತನ್ನ ಸೆರಗಿನಿಂದ ಅವಳಿಗೆ ಸೊಳ್ಳೆ ಓಡಿಸುತ್ತಿದ್ದಳು.

'ನಿಮ್ ಮಗ ಏನವ್ವ ಇದು?' ಎಂದು ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕಿ ಕೇಳಿದಳು.

'ಹೂಂ, ನನ್ನದೇ' ಎಂದೆ.

'ಮನೇಗ್ ಬಾರವ್ವ ಅಂದ್ರೆ ಬರ್ನಿಲ್ಲ. ಉಣ್ಣವ್ವ ಅಂದ್ರೆ ಬ್ಯಾಡ ಅಂತದೆ. ನಂಬರ್ ಕೊಡು ಅಂದ್ರೆ ಅದ್ನೂ ಕೊಡ್ನಿಲ್ಲ. ಎಣ್ಮಗ, ಒಬ್ಳನ್ನೇ ಬುಟ್ಟು ಎಂಗೋಗನೆ? ಅದ್ಕೇ ನಾವೇ ಇಲ್ಲಿ ಬಂದು ಕುಂತ್ಕಂಡೊ.'

ಆಮೇಲೆ ತಿಳಿದದ್ದು ಇಷ್ಟು. ಅವಳ ಫೋನಿನ ಚಾರ್ಜು ಮಧ್ಯಾಹ್ನವೇ ಮುಗಿದಿದೆ. ಮೊದಲು ಬೈಕಿನಲ್ಲಿ ಬಂದ ಒಬ್ಬ, ಹಾಸನಕ್ಕೆ ಬಿಡುತ್ತೇನೆ ಬಾ ಎಂದಿದ್ದಾನೆ. ಅವಳು ಹಿಂದೆ ಸರಿದಿದ್ದಾಳೆ. ಗಂಡಸನ್ನು ಕಂಡು ಹೆದರಿತು ಎಂದು ಅವನು ಹೋಗಿ ಹೆಂಡತಿಯನ್ನು ಕಳಿಸಿದ್ದಾನೆ. ಹೆಂಡತಿ ಓರಗಿತ್ತಿಯನ್ನು ಕರೆದಿದ್ದಾಳೆ. ಹುಡುಗಿಗೆ ಜನ ಹೆಚ್ಚಿದಷ್ಟೂ ಭಯ, ಇವರಿಗೆ ಅವಳ ಭಯ ಕಂಡಷ್ಟೂ ಧೈರ್ಯಕ್ಕೆ ಇನ್ನಿಬ್ಬರು ಬರಲಿ ಎಂಬ ಆಸೆ. ಹೀಗೆ ಅರ್ಧ ಊರೇ ಅವಳನ್ನು ಕಾವಲು ಕಾಯುತ್ತಿತ್ತು, ಅವಳು ಆ ಕಾವಲಿಗೇ ಹೆದರಿ ಬೆವರುತ್ತಿದ್ದಳು.

'ಬಸ್ಸು ಯಾಕೆ ಹತ್ತಲಿಲ್ಲ?' ಎಂದು ಕೇಳಿದೆ. ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಉಳಿದದ್ದು ಇದೊಂದೇ.

ಅವಳು ಆಟೋದವನ ಕಡೆ ಕೈ ತೋರಿಸಿದಳು. 'ಇವರು ಬರುತ್ತೇನೆ ಎಂದು ಹೇಳಿದರು. ನನಗಾಗಿ ಊಟ ಬಿಟ್ಟು ಬರುತ್ತಾರೆ ಎಂದುಕೊಂಡೆ. ಅವರನ್ನು ಬಿಟ್ಟು ನಾನು ಹೇಗೆ ಹೋಗಲಿ?'

ಮುದುಕಿ ಆಟೋದವನ ಮೇಲೆ ತಿರುಗಿಬಿದ್ದಳು. 'ನೀನೇ ಏನ್ಲಾ ಅವ್ನು? ಬತ್ತೀನಿ ಅಂತ ಯೋಳ್ಬುಟ್ಟು ಎಲ್ಲೋಗಿ ಸತ್ತಿದ್ದೆ? ಬೆಳಿಗ್ಗಿಂದ ಕಾಯ್ತಾ ಕುಂತದೆ ಮಗ.'

'ನಾನೆಲ್ಲಿ ಯೋಳ್ದೆ ಕಣಜ್ಜಿ?'

'ಹೇಳಿದಿರಿ' ಎಂದಳು ಹುಡುಗಿ. 'ಆಟೋ ತಿರುಗಿಸಿದಿರಿ. ನಕ್ಕಿರಿ. ಬತ್ತೀನಿ ಮೇಡಂ ಎಂದಿರಿ.'

ಅವನು ತಲೆ ಕೆರೆದುಕೊಂಡು ನನ್ನ ಮುಖ ನೋಡಿದ. 'ಅಂದೆ ಕಣಕ್ಕ. ಓಗೋವಾಗ ಇನ್ನೇನಂತಾರೆ?'

ಮುದುಕಿ ಬಾಯಿಂದ ಎಲೆ ಅಡಿಕೆ ಉಗಿದು ಬಂದು ಹುಡುಗಿಯ ಗಲ್ಲ ಹಿಡಿದುಕೊಂಡಳು. 'ಅಯ್ಯೋ ನನ್ ಕಂದ, ಅದು ಓಯ್ತೀನಿ ಅಂತ ಕಣವ್ವ' ಎಂದವಳು, ಆಡಬಾರದ ಮಾತು ಆಡಿದೆನೆಂದು ಕೂಡಲೇ 'ಬುಡ್ತು' ಎಂದಳು.

ಹುಡುಗಿಗೆ ಆಗ ಎಲ್ಲ ಒಟ್ಟಿಗೇ ತಿಳಿದಿರಬೇಕು. ನಗುತ್ತಲೇ ಅಳಲು ಶುರು ಮಾಡಿದಳು. 'ಆಂಟಿ, ನೀವು ಬೆಳಿಗ್ಗೆ ಬರ್ತೀನಿ ಎನ್ನುತ್ತೀರಿ, ಸಂಜೆ ಬರುತ್ತೀರಿ. ಹಾಲಿನವರು ಬತ್ತೀನಿ ಎನ್ನುತ್ತಾರೆ, ನಾಳೆ ಬರುತ್ತಾರೆ. ಎಲ್ಲರೂ ಬಂದಿದ್ದಾರೆ' ಎಂದಳು. ನಾನು ಅವಳನ್ನು ಬ್ಯಾಗಿನ ಸಮೇತ ತಬ್ಬಿಕೊಂಡೆ. ನನಗೂ ಅಳು ಬಂತು. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಯಾಕೆಂದು ಅವರಿಗೇ ಗೊತ್ತೋ ಇಲ್ಲವೋ.

ಆ ಮುದುಕಿಯ ಜಗುಲಿಯ ಮೇಲೆ ಕೂತು ಹುಡುಗಿ ಮುದ್ದೆ, ಬಸ್ಸಾರು ಉಂಡಳು. ಚೊಂಬಿನ ನೀರನ್ನು ಎತ್ತಿ ಕುಡಿದಳು. ಅವಳ ದೇಶದ ಕಾನೂನು ಅಷ್ಟೂ ಕೂತಲ್ಲೇ ಮುರಿದು ಬಿತ್ತು. ಉಂಡ ಮೇಲೆ ಅವಳ ಅಮ್ಮನಿಗೆ ನನ್ನ ಫೋನಿನಿಂದ ಕರೆ ಮಾಡಿಸಿದೆ. ಹಿಂದೆ ನಿಂತಿದ್ದ ಹೆಂಗಸರೆಲ್ಲ ಫೋನಿಗೆ ಕೈ ಬೀಸಿದರು. ಇಷ್ಟೊಂದು ಜನ ಇದ್ದಾರಲ್ಲ, ಏನಾದರೂ ಹಬ್ಬವೇ ಎಂದು ಆಕೆ ಕೇಳಿದರಂತೆ. ಹುಡುಗಿ ಹೌದು ಎಂದಳಂತೆ.

ಚಾವಣಿಗಳ ಚಿತ್ರವೆಲ್ಲ ಮುಗಿದು ಅವಳು ಊರಿಗೆ ಹೊರಡುವ ದಿನ ಬಂತು. ಅದೇ ಆಟೋದವನು ಅವಳ ಪೆಟ್ಟಿಗೆ ಗಾಡಿಗೆ ಹಾಕಿ, ಬಸ್ ಸ್ಟ್ಯಾಂಡಿಗೆ ಬಿಡಲು ಕಾಯುತ್ತಿದ್ದ. ಅತ್ತೆ ಅವಳಿಗೆ ಕುಂಕುಮ ಇಟ್ಟು, ದೃಷ್ಟಿ ತೆಗೆದು, ಬ್ಯಾಗಿಗೆ ಈರುಳ್ಳಿ ಹಾಕಿದರು. ಅವಳು ಬಾಗಿಲಲ್ಲಿ ನಿಂತು, 'ಅಜ್ಜಿ, ಹೋಗುತ್ತೇನೆ, ಬುಡ್ತು' ಎಂದಳು.

'ಇವತ್ತು ಅಂಗಲ್ಲ' ಎಂದರು ಅತ್ತೆ. 'ಬತ್ತೀನಿ ಅನ್ನವ್ವ.'

ಅವಳು ಅನ್ನಲಿಲ್ಲ. ಚಪ್ಪಲಿ ನೋಡುತ್ತಾ ನಿಂತಳು. 'ನಾನು ಯಾವಾಗ ಬರುತ್ತೇನೆ ಎಂದು ನನಗೆ ಗೊತ್ತಿಲ್ಲ ಅಜ್ಜಿ. ನೀವು ಕಾಯುತ್ತೀರಿ. ಕಾಯುವುದು ಕಷ್ಟ. ನಾನು ಕಾದಿದ್ದೇನೆ.'

ಅತ್ತೆ ಅವಳ ಕೈಯನ್ನು ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡರು. 'ಕಾಯ್ಲಿ ಅಂತಾನೇ ಅಂಗನ್ನೋದು ಕಣವ್ವ. ಅಜ್ಜಿ ಕಾಯ್ತಾ ಅವಳೆ ಅಂತ ಗೊತ್ತಿದ್ರೆ, ಎಲ್ಲಿದ್ರೂ ಉಸಾರಾಗಿರ್ತೀಯ.'

ಅವಳು ಪುಸ್ತಕದ ಕನ್ನಡ ಬಿಟ್ಟು, ನಮ್ಮ ಬೀದಿಯ ಮಾತಿನಲ್ಲಿ, 'ಬತ್ತೀನಿ ಕಣಜ್ಜಿ' ಎಂದಳು.

ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಅವಳ ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ನನಗೆ ಬರುವ ಮುರುಕು ಇಂಗ್ಲಿಷಿನಲ್ಲಿ, ಬರುತ್ತಿದ್ದಾಳೆ ಎಂದೆ. ಆಕೆ ಕಣ್ಣು ಒರೆಸಿಕೊಂಡರು. ಎದೆ ಮುಟ್ಟಿಕೊಂಡು ತಲೆಬಾಗಿದರು, ನಾನೂ ಹಾಗೇ ಮಾಡಿದೆ. ಫೋನು ಇಟ್ಟೆ.

ಗೇಟಿನ ಹತ್ತಿರವೇ ನಿಂತಿದ್ದ ಅತ್ತೆ, 'ಏನಂದೆ ಅವ್ರವ್ವಂಗೆ?' ಎಂದು ಕೇಳಿದರು.

'ಬರ್ತಿದ್ದಾಳೆ ಅಂದೆ.'

'ಊಂ' ಎಂದರು ಅತ್ತೆ, ಬೀದಿಯ ತಿರುವನ್ನೇ ನೋಡುತ್ತಾ. 'ನಮ್ಗೂ ಅಂಗೇ ಯೋಳವ್ಳೆ.'