ಅಟ್ಟದಲ್ಲಿ ಕೇಳಿದ ಸೈಕಲ್ ಸದ್ದು

ಸತ್ತವರು ಮನೆಯಲ್ಲಿ ಸುಳಿಯುತ್ತಾರೆ ಎಂದು ಯಾರು ಹೇಳಿದರೂ ನಾನು ನಂಬುತ್ತಿರಲಿಲ್ಲ. ನಮ್ಮ ಅಟ್ಟದ ಮೇಲೆ ಸದ್ದಿಲ್ಲದ ದಿನವೇ ಇಲ್ಲ. ಕೊಬ್ಬರಿಗೆಂದು ಹಾಕಿದ ಕಾಯಿ ವರ್ಷ ಕಳೆದು ಒಣಗಿದರೆ, ಒಳಗಿನ ತಿರುಳು ಗಿಟುಕಾಗಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುತ್ತದೆ. ಇಲಿ ಉರುಳಿಸಿದರೆ ಯಾರೋ ಓಡಾಡಿದಂತೆಯೇ. ಹೆದರಿದ ನನ್ನ ಓರಗಿತ್ತಿಗೆ "ದೆವ್ವ ಅಲ್ಲ ಕಣೇ, ಕೊಬ್ಬರಿ" ಎಂದು ನಕ್ಕವಳು ನಾನು.

ಮಕ್ಕಳೇ, ನಿಮ್ಮ ತಾತನ ಸೈಕಲ್ಲು ಇಟಲಿ ದೇಶದ್ದು. ನಮ್ಮ ಕಡೆ ಕೆಲಸಕ್ಕೆ ಬಂದಿದ್ದ ಅಲ್ಲಿಯ ಎಂಜಿನಿಯರೊಬ್ಬರು ಹಿಂದಿರುಗುವಾಗ ಕೊಟ್ಟು ಹೋದರಂತೆ. ತೆಳ್ಳನೆಯ ಚಕ್ರ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. "ಏನ್ಲಾ, ಟಗರು ಹತ್ಕೊಂಡು ಬತ್ತಾ ಇದೀಯಾ" ಎಂದು ಜೊತೆಗಾರರು ರೇಗಿಸುತ್ತಿದ್ದರು. ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನ ಚಕ್ರದ ಫ್ರೀವೀಲ್ ಟಿಕಟಿಕ ಎನ್ನುತ್ತಿತ್ತು. ಬೇಲಿ ತಿರುವಿನಲ್ಲಿ ಆ ಸದ್ದು ಕೇಳಿದರೆ ನಾನು ಮುದ್ದೆಗೆ ಎಸರಿಡುತ್ತಿದ್ದೆ. ಹಂದನಕೆರೆ ರಸ್ತೆಯಲ್ಲಿ ಎದೆನೋವು ಬಂದು ಅವರು ಸೈಕಲ್ ಮೇಲೆಯೇ ತೀರಿಹೋದರು. ಅದನ್ನು ಅಟ್ಟದ ತೊಲೆಗೆ ತೂಗುಹಾಕಿದೆವು. ತುಕ್ಕು ಹಿಡಿಯಬಾರದೆಂದು ಪ್ರತಿ ಆಯುಧಪೂಜೆಗೆ ಚಕ್ರದ ನಡುವಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ.

ಎಷ್ಟೋ ವರ್ಷ ಕಳೆದ ಮೇಲೆ, ಒಂದು ಸಂಜೆ ದೀಪ ಹಚ್ಚುತ್ತಿದ್ದಾಗ ಅಟ್ಟದಿಂದ ಟಿಕಟಿಕ ಶುರುವಾಯಿತು. ಒಂದೇ ಸಮ. ಆಮೇಲೆ ನಿಧಾನವಾಗಿ, ಚಕ್ರ ನಿಲ್ಲುವಾಗಿನಂತೆ ನಿಂತಿತು. ನನ್ನ ಕಾಲು ತಾನಾಗಿ ಒಲೆಯ ಕಡೆ ಹೋಗಿತ್ತು. ನಿಮ್ಮಪ್ಪನೂ ಕೇಳಿಸಿಕೊಂಡ. ಏಣಿ ಹತ್ತಿ ನೋಡಿ ಇಳಿದು ಬಂದು, "ಕಾಯಿ ಕಣವ್ವ, ಒಣಗವೆ, ಬುಡು" ಎಂದ. ಆದರೆ ಆ ಕಾಯಿ ಅಟ್ಟಕ್ಕೆ ಹಾಕಿದ್ದು ಅದೇ ತಿಂಗಳು. ನೀರು ತುಂಬಿದ ಕಾಯಿ ಹಾಗೆ ಸದ್ದು ಮಾಡುವುದಿಲ್ಲ. ಹೊತ್ತು ಹಾಕಿದವನು ಅವನೇ. ರಾತ್ರಿ ಅವನು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ತೋಟದಲ್ಲಿ ಅವನಿಗೂ ಎದೆನೋವು ಬಂತು. ಮನೆಗೆ ತರುವಷ್ಟರಲ್ಲಿ ಮುಗಿದಿತ್ತು. ಆಗ ನೀವಿಬ್ಬರೂ ಕೂಸುಗಳು.

ತೂಗುಹಾಕಿದ ಚಕ್ರ ಗಾಳಿಗೆ ತಿರುಗಿರಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಮೊನ್ನೆ ನೀವು ತಿಪಟೂರಿನಿಂದ ಹಳೇ ಸೈಕಲ್ ಬಲ್ಲವರೊಬ್ಬರನ್ನು ಕರೆತಂದಿರಿ. ಅವರು ಪೆಡಲುಗಳ ನಡುವೆ ಚೌಕಟ್ಟಿನ ಅಡಿಯ ಧೂಳು ಒರೆಸಿ, ಕೊರೆದ ನಂಬರು ನೋಡಿ, ಇಟಲಿಯ ರೇಸ್ ಸೈಕಲ್ಲೇ ಎಂದರು. ಹೊಸ ಬಣ್ಣ ಮಾತ್ರ ಹೊಡೆಸಬೇಡಿ ಎಂದರು. ಆಮೇಲೆ ಹಿಂದಿನ ಚಕ್ರ ತಿರುಗಿಸಲು ನೋಡಿ, "ಕೊಬ್ಬರಿ ಎಣ್ಣೆ ಬಿಟ್ಟಿದ್ರಾ ಅಜ್ಜಿ? ಒಳಗೆಲ್ಲ ಅಂಟಾಗಿ ಕಚ್ಕೊಂಡದೆ. ತೂಗುಹಾಕಿದ ಎರಡು ಮೂರು ವರ್ಷಕ್ಕೇ ಇದರ ಸದ್ದು ನಿಂತಿರ್ತದೆ ಕಣಜ್ಜಿ" ಎಂದರು.

ಸೀಮೆಎಣ್ಣೆಯಲ್ಲಿ ತೊಳೆದರೆ ಮತ್ತೆ ಟಿಕಟಿಕ ಎನ್ನುತ್ತದೆ ಎಂದಾಗ ನೀವು ಹಿಗ್ಗಿದಿರಿ. ನಾನು ಬೇಡವೆಂದೆ. ನಿಮಗೆ ಬೇಸರವಾಯಿತು. ಎದುರಿಗೆ ಹೇಳಲಾರದೆ ಇದನ್ನು ಬರೆಯುತ್ತಿದ್ದೇನೆ. ಸೈಕಲ್ಲು ನಿಮ್ಮದೇ, ಹಳೇ ಬಣ್ಣದಲ್ಲೇ ಕಾಪಾಡಿಕೊಳ್ಳಿ. ಆ ಫ್ರೀವೀಲ್ ಮಾತ್ರ ಬಿಚ್ಚಿಸಬೇಡಿ. ಅದು ಮೂಕವಾಗಿದ್ದರೆ, ಇನ್ನೊಮ್ಮೆ ಆ ಸದ್ದು ಕೇಳಿದಾಗ ಅದು ಸೈಕಲ್ಲಿನದಲ್ಲ ಎಂದು ತಿಳಿದು ನಿಮ್ಮನ್ನು ಹೊರಗೆ ಬಿಡದೆ ಹಿಡಿದುಕೊಳ್ಳಬಹುದು.

ಅವತ್ತು ಕೇಳಿದ್ದು ಏನೆಂದು ನನಗೆ ಇವತ್ತಿಗೂ ತಿಳಿಯದು. ಈಗ ಅಟ್ಟದ ಕಾಯಿ ಒಣಗಿವೆ. ಸದ್ದಾದಾಗಲೆಲ್ಲ ನಿಮ್ಮಿಬ್ಬರ ಚಪ್ಪಲಿ ಬಾಗಿಲಲ್ಲಿ ಇವೆಯೇ ಎಂದು ನೋಡುತ್ತೇನೆ.