ಖಾಲಿ ಜಾಗಕ್ಕೆ ಸೊನ್ನೆ

ಹಳ್ಳಿಗಳಿಗೆ ಸ್ಮಾರ್ಟ್‌ಫೋನ್ ಬಂದ ಹೊಸತರಲ್ಲಿ ನಾನು ಕೊಪ್ಪಳದಲ್ಲಿ, ಕುರಿಗಳಿಗೆ ಲಸಿಕೆ ಹಾಕಿಸುವ ಸಣ್ಣ ಸಂಸ್ಥೆಯೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆ. ನಮ್ಮ ಕಾರ್ಯಕರ್ತೆ ಹಿಂಡುಗಳ ವಿವರವನ್ನು ಫೋನಿನಲ್ಲಿ ತುಂಬುತ್ತಿದ್ದರು. ಅದನ್ನು ನನ್ನ ಪ್ರೋಗ್ರಾಂ ಲಸಿಕೆ ಉಗ್ರಾಣದ ಸರ್ವರ್‌ಗೆ ಕಳಿಸುತ್ತಿತ್ತು. ಎಷ್ಟು ಕುರಿ ಎಂದು ಹೋಗುತ್ತದೋ ಅಷ್ಟೇ ಲಸಿಕೆ ಬರುತ್ತಿತ್ತು.

ಒಂದು ದಿನ ಗಂಗಾವತಿ ಕಡೆಯ ಕೋರಿಕೆಗಳು ಹೋದವು, ಯಲಬುರ್ಗಾ ಕಡೆಯವು ತಿರುಗಿ ಬಂದವು. ಪರದೆಯ ಮೇಲೆ 400 ಎಂಬ ಸಂಖ್ಯೆ: ಕೋರಿಕೆಯ ರೂಪ ಸರಿಯಿಲ್ಲ. ವಿಳಾಸ ನೋಡಿದೆ, ಪಾಸ್‌ವರ್ಡ್ ನೋಡಿದೆ, ಆವರಣ ಅಲ್ಪವಿರಾಮಗಳನ್ನೆಲ್ಲ ತಡಕಿದೆ. ಕೊನೆಗೆ ಹೋದದ್ದೊಂದನ್ನು, ತಿರುಗಿ ಬಂದದ್ದೊಂದನ್ನು ಅಕ್ಕಪಕ್ಕ ಇಟ್ಟಾಗ ಕಂಡಿತು. ತಿರುಗಿ ಬಂದವುಗಳಲ್ಲಿ ಕುರಿಗಳ ಸಂಖ್ಯೆಯ ಜಾಗ ಖಾಲಿ. ಸರ್ವರ್ ಅಲ್ಲಿ ಅಂಕಿಯನ್ನೇ ಬೇಡುತ್ತಿತ್ತು.

ಕಾರ್ಯಕರ್ತೆಗೆ ಫೋನ್ ಮಾಡಿ, ಯಾಕೆ ತುಂಬಲಿಲ್ಲ ಎಂದು ಜೋರು ಮಾಡಿದೆ.

"ಕುರಿ ಎಷ್ಟ ಅದಾವ ಅಂತ ಕೇಳಬಾರದ್ರೀ ಸರ, ದೃಷ್ಟಿ ಆಕ್ಕೈತಿ ಅಂತಾರ. ನಿಮ್ಮ ಮನ್ಯಾಗಿನ ಹುಡುಗರ ತಲಿ ಯಾರರ ಎಣಿಸಿದ್ರ ಸುಮ್ಮನಿರ್ತೀರೇನು?"

ಕುರಿ ಮೇಯಲು ಹೊರಡುವಾಗ ದೂರ ನಿಂತು ಅಂದಾಜು ಮಾಡಿ ಹೇಳುತ್ತೇನೆ, ಸ್ವಲ್ಪ ತಡೆಯಿರಿ ಎಂದರು. ನಾನು ತಡೆಯಲಿಲ್ಲ. ಖಾಲಿ ಇದ್ದರೆ ಸೊನ್ನೆ ಕಳಿಸು ಎಂದು ಒಂದು ಸಾಲು ಬರೆದೆ. ಎಲ್ಲ ಕೋರಿಕೆಗಳೂ ಹೋದವು. ಚಹಾ ಕುಡಿಯಲು ಹೊರಗೆ ಹೋದೆ.

ಆ ಸಾಲು ಬರೆದದ್ದು ಕಾರ್ಯಕರ್ತೆಗೆ ಫೋನ್ ಮಾಡುವ ಮೊದಲೋ, ಆಮೇಲೋ ಎಂದು ಈಗ ಒಮ್ಮೊಮ್ಮೆ ಅನುಮಾನ ಬರುತ್ತದೆ. ಮೊದಲು ಎಂದುಕೊಂಡರೆ ನನ್ನ ತಪ್ಪು ಹಗುರಾಗುತ್ತದೆ. ಅದಕ್ಕೇ ಆ ನೆನಪನ್ನು ನಾನು ನಂಬುವುದಿಲ್ಲ.

ಸೊನ್ನೆ ಕುರಿಗೆ ಸೊನ್ನೆ ಲಸಿಕೆ. ಯಲಬುರ್ಗಾ ತಾಲೂಕಿನ ಮಂಗಳೂರೆಂಬ ಹಳ್ಳಿಯ ಬಳಿ, ಊರೂರು ತಿರುಗಿ ಕುರಿ ಮೇಯಿಸುವ ಒಂದು ಕುಟುಂಬ, ಸೂಜಿಯವರು ಬರುತ್ತಾರೆಂಬ ನಮ್ಮ ಮಾತು ನಂಬಿ, ಮುಂದಿನ ಊರಿಗೆ ಹೋಗದೆ ಅದೇ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬಿಕೊಂಡು ಕಾದಿತ್ತು. ಅಷ್ಟರಲ್ಲಿ ಪಕ್ಕದ ಹಿಂಡಿನಿಂದ ಜ್ವರ ಹತ್ತಿತು. ಸುದ್ದಿ ತಿಳಿದು ಕಾರ್ಯಕರ್ತೆಯೊಂದಿಗೆ ನಾನೂ ಹೋದೆ. ಬಲೆಯ ಆಚೆ ಕುರಿಗಳು ಮೂಗು ಸುರಿಸುತ್ತ ತಲೆ ತಗ್ಗಿಸಿ ನಿಂತಿದ್ದವು. ಮನೆಯ ಹಿರಿಯಳು ಒಂದು ಮರಿಯ ಬಾಯಿ ಒರೆಸುತ್ತಿದ್ದಳು.

"ನಿಮ್ಮ ಮಷೀನಿನ್ಯಾಗ ನಮ್ಮ ಹೆಸರ ಬಂದೈತೇನೋ ತಮ್ಮಾ?"

"ಬಂದೈತಿ ಅವ್ವಾ," ಎಂದೆ.

"ಮತ್ತ ಸೂಜಿ ಯಾಕ ಬರವಲ್ದು?"

ಸರ್ವರ್ ಕೆಟ್ಟಿತ್ತು ಎಂದುಬಿಟ್ಟೆ. ಕಾರ್ಯಕರ್ತೆ ನನ್ನ ಮುಖ ನೋಡಿದರು. ಸರ್ವರ್ ಕೆಟ್ಟಿರಲಿಲ್ಲ, ತನಗೆ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಅದು ಮೊದಲೇ ಹೇಳಿತ್ತು. ಅದರ ಬಾಯಿ ಮುಚ್ಚಿಸಿದವನು ನಾನು. ಎಷ್ಟು ಕುರಿ ಸತ್ತವು ಎಂದು ಆ ಹಿರಿಯಳನ್ನು ಕೇಳಲಿಲ್ಲ. ಅವರ ಪದ್ಧತಿಗೆ ಗೌರವ ಎಂದು ಆಗ ಅಂದುಕೊಂಡೆ. ಉತ್ತರದ ಹೆದರಿಕೆಯೂ ಇದ್ದೀತು.

ಕೊಪ್ಪಳಕ್ಕೆ ಬಂದವನೇ ಆ ಸಾಲು ಅಳಿಸಿ, ಕೋರಿಕೆಗಳನ್ನು ಮತ್ತೆ ಕಳಿಸಿದೆ. ದೋಷಗಳು ಮತ್ತೆ ಸಾಲಾಗಿ ಬಂದವು. ಒಂದೊಂದಕ್ಕೂ ಕಾರ್ಯಕರ್ತೆಯ ಅಂದಾಜು ಕೇಳಿ ಕಳಿಸತೊಡಗಿದೆ. ಮಂಗಳೂರಿನ ಹಿಂಡಿನದನ್ನೇ ಮೊದಲು ಕಳಿಸಿದ್ದೆ. ಲಸಿಕೆಯ ಡಬ್ಬಿ ಬಂದಾಗ ಆ ಹೊಲ ಬರಿದಾಗಿತ್ತು. ಕುಷ್ಟಗಿ ಕಡೆ ಹೋಗ್ಯಾರ ಎಂದರು ಕೆಲವರು, ಇನ್ನು ಕೆಲವರು ಗಂಗಾವತಿ ಕಡೆ ಎಂದರು. ಡಬ್ಬಿಯನ್ನು ಬೇರೆ ಹಿಂಡಿಗೆ ಕೊಟ್ಟೆವು.